ಒಂದೇ ಮನೆಗೆ ಎರಡು ಬೆಲೆ ಯಾಕೆ ಬಂತು?

ಪ್ರಶ್ನೆ: ತುಮಕೂರಿನ ಹೊರಗೆ, ಪಂಚಾಯಿತಿ ವ್ಯಾಪ್ತಿಯಲ್ಲಿ ನಮ್ಮದೊಂದು 30×40 ಸೈಟಿನ ಮನೆ ಇದೆ. ಅಪ್ಪ 2009ರಲ್ಲಿ ಸೈಟು ತಗೊಂಡು 2010ರಲ್ಲಿ ಮನೆ ಕಟ್ಟಿಸಿದರು. ಈಗಲೂ ಅವರ ಹೆಸರಿನಲ್ಲೇ ಇದೆ. ಮೇಲೊಂದು ಅಂತಸ್ತು ಕಟ್ಟಲು 25 ಲಕ್ಷ ಸಾಲಕ್ಕೆ ಎರಡು ಬ್ಯಾಂಕಿನಲ್ಲಿ ಅರ್ಜಿ ಹಾಕಿದೆ. ಒಬ್ಬ ವ್ಯಾಲ್ಯೂಯರ್ 'ವಸತಿ ಆಸ್ತಿ' ಎಂದು ಬರೆದು 57 ಲಕ್ಷ ಬೆಲೆ ಕಟ್ಟಿದರು. ಇನ್ನೊಬ್ಬರು 'ಅನುಮೋದನೆ ಇಲ್ಲದ ಬಡಾವಣೆ' ಎಂದು ಬರೆದು 45 ಲಕ್ಷ ಎಂದರು. ಸೈಟು ಮಾರಿದವರು ಕನ್ವರ್ಷನ್ (ವ್ಯವಸಾಯದ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ಆಗಿದೆ ಅಂತಲೇ ಹೇಳಿದ್ದರು. ಕ್ರಯಪತ್ರ ಇದೆ, 15 ವರ್ಷದ ಕಂದಾಯ ರಸೀದಿ ಇದೆ, ಪಂಚಾಯಿತಿಯ ನಮೂನೆ 11ಬಿ ಇದೆ. ನಮ್ಮ ಜಾಗ ನಿಜಕ್ಕೂ ಯಾವ ವರ್ಗದ್ದು? ಅದನ್ನು ತೀರ್ಮಾನ ಮಾಡುವವರು ಯಾರು? ಕಂಬಿ ಆಗಲೇ ತಂದು ಹಾಕಿದ್ದೇವೆ.

ಉತ್ತರ: ನೀವು ಕಳಿಸಿದ ಎರಡೂ ರಿಪೋರ್ಟಿನ ಪುಟಗಳನ್ನು ನೋಡಿದೆ ಮೇಡಂ. ಮೊದಲು ಲೆಕ್ಕವನ್ನೇ ಬಿಡಿಸೋಣ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕಟ್ಟಡಕ್ಕೆ ಇಬ್ಬರೂ ಒಂದೇ ಲೆಕ್ಕ ಹಾಕಿದ್ದಾರೆ. 900 ಚದರಡಿ, ಅಡಿಗೆ 2,000 ರೂಪಾಯಿಯಂತೆ 18 ಲಕ್ಷ. ಮನೆಯ ಆಯಸ್ಸು 60 ವರ್ಷ, ಕಳೆದದ್ದು 15 ವರ್ಷ, ಕೊನೆಗೆ ಉಳಿಯುವ ಗುಜರಿ ಬೆಲೆ ಶೇ 10. ಹಾಗಾಗಿ ಶೇ 22.5 ಸವಕಳಿ ಕಳೆದರೆ 13.95 ಲಕ್ಷ. ಗೋಡೆ, ತಾರಸಿ, ಟೈಲ್ಸ್ ಬಗ್ಗೆ ಅವರಿಬ್ಬರಿಗೂ ಜಗಳವೇ ಇಲ್ಲ. ಜಗಳ ಇರುವುದು ಕೆಳಗಿನ ಮಣ್ಣಿನ ಬಗ್ಗೆ. ಒಬ್ಬರು 1,200 ಅಡಿಗೆ 3,600ರಂತೆ 43.20 ಲಕ್ಷ ಹಾಕಿದರು, ಇನ್ನೊಬ್ಬರು 2,600ರಂತೆ 31.20 ಲಕ್ಷ ಹಾಕಿದರು. 12 ಲಕ್ಷದ ವ್ಯತ್ಯಾಸ ಪೂರ್ತಿ 'ಜಾಗದ ವರ್ಗ' ಎಂಬ ಒಂದು ಸಾಲಿನಿಂದ ಬಂದದ್ದು.

ಆದರೆ ಆ 12 ಲಕ್ಷಕ್ಕೆ ಕಾದಾಡಬೇಡಿ. 30 ಲಕ್ಷದವರೆಗಿನ ಮನೆ ಸಾಲಕ್ಕೆ ಬ್ಯಾಂಕು ಆಸ್ತಿ ಮೌಲ್ಯದ ಶೇ 90ರವರೆಗೂ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. 45 ಲಕ್ಷದಲ್ಲಿ ಶೇ 90 ಅಂದರೆ 40 ಲಕ್ಷಕ್ಕೂ ಜಾಸ್ತಿ. ನಿಮಗೆ ಬೇಕಿರುವುದು 25. ಕಡಿಮೆ ಬೆಲೆಯ ರಿಪೋರ್ಟೇ ನಿಮಗೆ ಸಾಕು. ಹಾಗಿದ್ದೂ ಸಾಲ ನಿಂತಿದೆ ಅಂದರೆ ಅಡ್ಡ ಬಂದದ್ದು ಬೆಲೆ ಅಲ್ಲ, ವರ್ಗ. ಇಂಥ ಜಾಗವನ್ನು ಅಡವಿಟ್ಟುಕೊಂಡು ನಾಳೆ ಹರಾಜಿಗೆ ಹಾಕಬೇಕಾಗಿ ಬಂದರೆ ಕೊಳ್ಳುವವರು ಬರುತ್ತಾರಾ ಎಂಬುದು ಬ್ಯಾಂಕಿನ ಚಿಂತೆ.

ಈಗ 'ತೀರ್ಮಾನ ಮಾಡುವವರು ಯಾರು' ಎಂಬ ಪ್ರಶ್ನೆ. ವ್ಯಾಲ್ಯೂಯರ್ ಅಂತೂ ಅಲ್ಲ. ಆ ಕೆಲಸವನ್ನೇ ಇಪ್ಪತ್ತು ವರ್ಷದಿಂದ ಮಾಡುತ್ತಿರುವ ನಾನೇ ಹೇಳುತ್ತಿದ್ದೇನೆ, ನಂಬಿ. ವ್ಯಾಲ್ಯೂಯರ್ ಕಾಗದದಲ್ಲಿ ಇರುವುದನ್ನು ಓದಿ, ನೆಲದ ಮೇಲೆ ಇರುವುದರ ಜತೆ ಹೋಲಿಸಿ ಬರೆಯುತ್ತಾನೆ. ಬ್ಯಾಂಕಿನ ವಕೀಲರು ಹಕ್ಕಿನ ಸರಪಣಿ ನೋಡುತ್ತಾರೆ. ವರ್ಗ ನಿಜಕ್ಕೂ ತೀರ್ಮಾನ ಆಗಿರುವುದು ತಾಲ್ಲೂಕು ಕಚೇರಿ, ಜಿಲ್ಲಾಧಿಕಾರಿ ಕಚೇರಿ, ಯೋಜನಾ ಪ್ರಾಧಿಕಾರ ಮತ್ತು ಪಂಚಾಯಿತಿಯಲ್ಲಿ. ಒಂದೊಂದು ಕಡೆ ಒಂದೊಂದು ತುಂಡು. ಜನ ಈ ನಾಲ್ಕನ್ನೂ ಒಟ್ಟು ಮಾಡಿ 'ಎ ಖಾತಾನಾ, ಬಿ ಖಾತಾನಾ' ಎಂದು ಒಂದೇ ಮಾತಿನಲ್ಲಿ ಕೇಳುತ್ತಾರೆ. ತಕರಾರು ಶುರುವಾಗುವುದೇ ಅಲ್ಲಿ.

ಖಾತೆ ಅಂದರೆ ಕಂದಾಯ ಯಾರಿಂದ ವಸೂಲಿ ಮಾಡಬೇಕು ಎಂದು ಪಂಚಾಯಿತಿಯೋ ನಗರಸಭೆಯೋ ಬರೆದಿಟ್ಟುಕೊಂಡ ಲೆಕ್ಕ. ಅದು ಹಕ್ಕುಪತ್ರ ಅಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ನಿಮ್ಮ 15 ವರ್ಷದ ರಸೀದಿಗಳು ನೀವು ಅಲ್ಲಿದ್ದೀರಿ, ಕಂದಾಯ ಕಟ್ಟಿದ್ದೀರಿ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಜಾಗದ ವರ್ಗ ಬದಲಾಗಿದೆ ಎಂಬುದಕ್ಕೆ ಅಲ್ಲ. ಮೊದಲನೇ ವ್ಯಾಲ್ಯೂಯರ್ ಎಡವಿದ್ದು ಇಲ್ಲೇ ಅಂತ ನನ್ನ ಅಂದಾಜು. ಮನೆ ಕಂಡಿತು, ರಸೀದಿ ಕಂಡಿತು, 'ವಸತಿ' ಎಂದು ಬರೆದುಬಿಟ್ಟರು.

ನಿಮ್ಮ ಕೈಯಲ್ಲಿರುವ ನಮೂನೆ 11ಬಿ ಅಂತೂ ನೇರವಾಗಿಯೇ ಮಾತಾಡುತ್ತದೆ. ಪಂಚಾಯಿತಿ ಆಸ್ತಿಗಳ ದಾಖಲೆ ಇಡುವ ಇ-ಸ್ವತ್ತು ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಗ್ರಾಮಠಾಣದ (ಊರಿನ ಹಳೇ ವಾಸದ ನೆಲದ) ಆಸ್ತಿ, ಕನ್ವರ್ಷನ್ ಆಗಿ ನಕ್ಷೆಗೆ ಅನುಮೋದನೆ ಸಿಕ್ಕ ಬಡಾವಣೆಯ ಸೈಟು, ಇಂಥವಕ್ಕೆ ನಮೂನೆ 9 ಮತ್ತು 11ಎ ಕೊಡುತ್ತಾರೆ. ಆ ಸಾಲಿಗೆ ಬಾರದ ಆಸ್ತಿಗಳು 11ಬಿ ವಹಿಗೆ ಹೋಗುತ್ತವೆ. ಕಂದಾಯ ಇಬ್ಬರೂ ಕಟ್ಟುತ್ತಾರೆ, ರಸೀದಿಯ ಬಣ್ಣವೂ ಒಂದೇ. ವಹಿ ಮಾತ್ರ ಬೇರೆ. ಅಂದರೆ ಏನೋ ಒಂದು ಕೊರತೆ ಇದೆ ಎಂದು ಪಂಚಾಯಿತಿ ಆಗಲೇ ಹೇಳಿದೆ. ಯಾವ ಕೊರತೆ ಎಂಬುದನ್ನು ಮಾತ್ರ ಆ ಕಾಗದ ಹೇಳುವುದಿಲ್ಲ. ನೀವು ಹುಡುಕಬೇಕಿರುವುದು ಅದನ್ನೇ.

ಹುಡುಕಾಟ ಕ್ರಯಪತ್ರದ ಕೊನೆಯ ಶೆಡ್ಯೂಲಿನಿಂದ ಶುರುವಾಗಲಿ. ಅಲ್ಲಿ ಸರ್ವೆ ನಂಬರ್ ಇರುತ್ತದೆ. ಮನೆ ನಂಬರ್, ಅಸೆಸ್‌ಮೆಂಟ್ ನಂಬರ್, ಖಾತಾ ನಂಬರ್ ಯಾವುದೂ ಈಗ ಬೇಡ. ಅವೆಲ್ಲ ಆಮೇಲೆ ಹುಟ್ಟಿದವು. ಸರ್ವೆ ನಂಬರ್ ಮಾತ್ರ ನೆಲದ ಜತೆಗೇ ಇರುವುದು. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆಪ್ ಹಾಕಿಕೊಂಡು ನಿಮ್ಮ ಅಂಗಳದಲ್ಲಿ ನಿಂತು ನೋಡಿ. ಅದು ತೋರಿಸುವ ಸರ್ವೆ ನಂಬರ್ ಕ್ರಯಪತ್ರದ ನಂಬರಿಗೆ ಹೊಂದಬೇಕು. ಗಡಿಯಲ್ಲಿ ನಾಲ್ಕಾರು ಮೀಟರ್ ಆಚೀಚೆ ಆಗುವುದುಂಟು, ಅದಕ್ಕೆ ಗಾಬರಿ ಬೇಡ. ಬೇರೆಯೇ ನಂಬರ್ ಬಂದರೆ ಮಾತ್ರ ಸರ್ವೆಯರ್‌ನಿಂದ ಅಳತೆ ಮಾಡಿಸಲೇಬೇಕು.

ಆಮೇಲೆ ಆ ನಂಬರಿನ ಪಹಣಿ ತೆಗೆಸಿ. ಈಗಿನದು ಮಾತ್ರ ಸಾಲದು. 2009ಕ್ಕೆ ಹಿಂದಿನದೂ ಬೇಕು, ಕಂಪ್ಯೂಟರಿಗೆ ಮೊದಲಿನ ಕೈಬರಹದ ಪಹಣಿಯೂ ಬೇಕು. ಅದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸಿಗುತ್ತದೆ. ಒಂದೆರಡು ಸಲ ಓಡಾಡಿಸುತ್ತಾರೆ, ಬುತ್ತಿ ಕಟ್ಟಿಕೊಂಡೇ ಹೋಗಿ. ಪಹಣಿಯಲ್ಲಿ ಎಲ್ಲರೂ 9ನೇ ಕಾಲಂನಲ್ಲಿ ಹೆಸರು ನೋಡಿ ಮಡಚಿಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು 3, 10 ಮತ್ತು 11ಕ್ಕೆ.

10ನೇ ಕಾಲಂ ಆ ಮಾಲೀಕರಿಗೆ ಜಮೀನು ಹೇಗೆ ಬಂತು ಎಂದು ಹೇಳುತ್ತದೆ. ಕ್ರಯ, ಪೌತಿ, ವಿಭಾಗ ಎಂದಿದ್ದರೆ ಸರಿ. 'ಮಂಜೂರು', 'ದರಖಾಸ್ತು' ಎಂಬ ಪದ ಕಂಡರೆ ಅಲ್ಲೇ ನಿಲ್ಲಿ. ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಇಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತು ಇರುತ್ತದೆ. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಅಸಿಂಧು. ಮೊದಲು ಇಂಥ ಕೇಸುಗಳು ತಡವಾಯಿತು ಎಂಬ ಕಾರಣಕ್ಕೆ ಬಿದ್ದುಹೋಗುತ್ತಿದ್ದವು. 2023ರ ತಿದ್ದುಪಡಿ ಆ ಬಾಗಿಲು ಮುಚ್ಚುವುದಕ್ಕೇ ಬಂತು. ಹಾಗಾಗಿ ಹಳೆಯ ಮಂಜೂರಾತಿ ಕಂಡರೆ ಬ್ಯಾಂಕಿನ ವಕೀಲರು ಮುಂದಕ್ಕೆ ಹೋಗುವುದೇ ಇಲ್ಲ. ಅವರನ್ನು ಬೈಯಬೇಡಿ. ಹೋಗಲೂಬಾರದು.

3ನೇ ಕಾಲಂ ವಿಸ್ತೀರ್ಣದ್ದು. ಅದರೊಳಗೆ ಖರಾಬು ಎಂದು 'ಅ' ಮತ್ತು 'ಬ' ಎರಡು ಬಗೆ ಇರುತ್ತವೆ. ಅ ಖರಾಬು ಬಂಡೆ, ತಗ್ಗು ಇತ್ಯಾದಿಯಿಂದ ಉಳುಮೆಗೆ ಬಾರದ ಜಾಗ. ಬ ಖರಾಬು ದಾರಿ, ಹಳ್ಳ, ಕಾಲುವೆ ಇಂಥ ಸಾರ್ವಜನಿಕ ಬಳಕೆಯದು. ಅದು ಯಾರ ಪಹಣಿಯೊಳಗೆ ಕಂಡರೂ ಮಾರುವಂತಿಲ್ಲ. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಚಂದದ ಮನೆಗೆ ರಿಪೋರ್ಟು ಬರೆದೆ. ಕಾಂಪೌಂಡು, ಮಾವಿನ ಗಿಡ, ಗೇಟಿಗೆ ಬಣ್ಣ, ಎಲ್ಲ ಅಚ್ಚುಕಟ್ಟು. ಪಹಣಿಯಲ್ಲಿ 2 ಗುಂಟೆ ಬ ಖರಾಬು ಇತ್ತು. ಇಷ್ಟು ದೊಡ್ಡ ನಂಬರಿನಲ್ಲಿ ಎಲ್ಲೋ ಇರುತ್ತದೆ ಬಿಡು ಅಂದುಕೊಂಡೆ. ಆಮೇಲೆ ಸರ್ವೆ ಆದಾಗ ಮನೆಯ ಹಿಂಬದಿಯ ಎಂಟು ಅಡಿ, ಅಂದರೆ ಅಡುಗೆಮನೆಯ ಅರ್ಧ, ಹಳೇ ಹಳ್ಳದ ಮೇಲೆ ಕೂತಿತ್ತು. ಹಳ್ಳ ಮುಚ್ಚಿ ಮಣ್ಣು ಹಾಕಿದ್ದರಿಂದ ಕಣ್ಣಿಗೆ ಕಾಣುತ್ತಿರಲಿಲ್ಲ. ನಕ್ಷೆಯಲ್ಲಿ ಹರಿಯುತ್ತಲೇ ಇತ್ತು. ಅವತ್ತಿನಿಂದ ಗ್ರಾಮ ನಕ್ಷೆ ಇಲ್ಲದೆ ನಾನು ಸೈಟಿಗೆ ಹೋಗುವುದಿಲ್ಲ.

ಪಹಣಿಯ ವಿಸ್ತೀರ್ಣಕ್ಕೂ ಸರ್ವೆ ಇಲಾಖೆಯ ಆಕಾರಬಂದಿಗೂ (ಸರ್ವೆ ನಂಬರಿನ ವಿಸ್ತೀರ್ಣದ ಮೂಲ ದಾಖಲೆ) ತಾಳೆ ನೋಡಿ. ಎರಡರಲ್ಲಿ ವ್ಯತ್ಯಾಸ ಇದ್ದರೆ ಆಕಾರಬಂದಿನ ಮಾತಿಗೆ ತೂಕ ಜಾಸ್ತಿ.

ಇನ್ನು ನಿಮಗೆ ಹೇಳಿದ 'ಕನ್ವರ್ಷನ್ ಆಗಿದೆ' ಎಂಬ ಮಾತು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ವ್ಯವಸಾಯದ ಜಮೀನನ್ನು ಬೇರೆ ಬಳಕೆಗೆ ತರಲು ಜಿಲ್ಲಾಧಿಕಾರಿಯ ಆದೇಶ ಬೇಕು. ಆದೇಶ ಅಂದಮೇಲೆ ಅದಕ್ಕೆ ನಂಬರು, ತಾರೀಕು ಇರಲೇಬೇಕು. ಸಾಮಾನ್ಯವಾಗಿ ನಂಬರು 'ಎಎಲ್‌ಎನ್' ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ನಿಮ್ಮ ಕ್ರಯಪತ್ರದಲ್ಲಿ ಈ ನಂಬರ್ ಬರೆದಿದೆಯಾ ನೋಡಿ. ಬರೆದಿದ್ದರೆ ಜಿಲ್ಲಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ. ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಪಹಣಿಯ 11ನೇ ಕಾಲಂನಲ್ಲೂ ಅದರ ಗುರುತು ಸಿಗಬಹುದು. ಕ್ರಯಪತ್ರದಲ್ಲಿ ನಂಬರೇ ಇಲ್ಲದೆ ಬರೀ 'ಪಂಚಾಯಿತಿ ಖಾತೆಯ ನಿವೇಶನ' ಎಂದಿದ್ದರೆ ಕನ್ವರ್ಷನ್ ಆಗಿಲ್ಲದ ರೆವಿನ್ಯೂ ಸೈಟು ಎಂದುಕೊಂಡೇ ಮುಂದೆ ಹೋಗಿ. ಆಮೇಲೆ ಆದೇಶ ಸಿಕ್ಕರೆ ಖುಷಿ ಪಡೋಣ.

ಆದೇಶ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಮೂರು ವಿಷಯ ಓದಿ. ನಿಮ್ಮ ಹಿಸ್ಸಾ ನಂಬರ್ (ಸರ್ವೆ ನಂಬರಿನೊಳಗಿನ ತುಂಡಿನ ನಂಬರ್) ಇದೆಯಾ, ಎಷ್ಟು ಗುಂಟೆಗೆ ಆಗಿದೆ, ಯಾವ ಉದ್ದೇಶಕ್ಕೆ ಆಗಿದೆ. ಕೋಳಿ ಫಾರಂಗೆ ಕನ್ವರ್ಷನ್ ಮಾಡಿಸಿ ಸೈಟು ಹಂಚಿದವರನ್ನು ನೋಡಿದ್ದೇನೆ. ಒಂದು ಎಕರೆಗೆ ಆದೇಶ ತಂದು ಎರಡು ಎಕರೆಯಲ್ಲಿ ಕಲ್ಲು ನೆಟ್ಟವರನ್ನೂ ನೋಡಿದ್ದೇನೆ. ಎಲ್ಲರಿಗೂ ತೋರಿಸುವುದು ಅದೇ ಒಂದು ಆದೇಶದ ಜೆರಾಕ್ಸ್.

ಕನ್ವರ್ಷನ್ ಆದ ಮೇಲೂ ಇನ್ನೊಂದು ಮೆಟ್ಟಿಲು ಇದೆ. ಹೆಚ್ಚಿನವರು ಬೀಳುವುದು ಇಲ್ಲೇ. ಕನ್ವರ್ಷನ್ ಅಂದರೆ ಈ ಜಮೀನಿನಲ್ಲಿ ಮನೆ ಬರಬಹುದು ಎಂಬ ಒಪ್ಪಿಗೆ. ಅದನ್ನು ಸೈಟುಗಳಾಗಿ ಒಡೆಯಲು ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇರೆಯೇ ಬೇಕು. ನಿಮ್ಮ ಕಡೆ ಅದು ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಟೂಡಾ. ನಿಮ್ಮ ಹಳ್ಳಿ ಅದರ ಯೋಜನಾ ವ್ಯಾಪ್ತಿಯಲ್ಲಿದೆಯಾ ಎಂಬುದನ್ನೂ ಅಲ್ಲೇ ಕೇಳಿ. ಹೊರಗಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ ನೋಡುತ್ತದೆ. ಎರಡನೇ ವ್ಯಾಲ್ಯೂಯರ್ 'ಅನುಮೋದನೆ ಇಲ್ಲದ ಬಡಾವಣೆ' ಎಂದು ಬರೆದದ್ದು ಈ ಮೆಟ್ಟಿಲಿನ ಬಗ್ಗೆ. ಅವರು ಕನ್ವರ್ಷನ್ ಆಗಿಲ್ಲ ಎಂದು ಬರೆದಿಲ್ಲ, ಗಮನಿಸಿ. ಹಾಗಾಗಿ ಸೈಟು ಮಾರಿದವರು ಹೇಳಿದ್ದೂ ನಿಜ ಇರಬಹುದು, ವ್ಯಾಲ್ಯೂಯರ್ ಬರೆದಿದ್ದೂ ನಿಜ ಇರಬಹುದು.

ಕಚೇರಿಗೆ ಹೋಗುವ ಮುಂಚೆ ಮನೆಯಲ್ಲೇ ಕೂತು ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ, ಒಟ್ಟು 43,560. ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಪಾರ್ಕು, ಸಾರ್ವಜನಿಕ ಸೌಕರ್ಯದ ಸಿಎ ಸೈಟು ಬಿಟ್ಟ ಮೇಲೆ ಮಾರಾಟಕ್ಕೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 30×40ರ ಲೆಕ್ಕದಲ್ಲಿ ಎಕರೆಗೆ 20 ಸೈಟಿನ ಆಸುಪಾಸು. ನಿಮ್ಮ ಬಡಾವಣೆ ಎಷ್ಟು ಎಕರೆಯದು, ಎಷ್ಟು ಸೈಟಿದೆ ಎಣಿಸಿ. ಎಕರೆಗೆ 28 ಬಂದರೆ 33,600 ಅಡಿ ಸೈಟಿಗೇ ಹೋಯಿತು. ಹಾಗಾದರೆ ಪಾರ್ಕು ಎಲ್ಲಿ? ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದ ರಸ್ತೆ ಇದ್ದರೆ ಟೂಡಾಕ್ಕೆ ಹೋಗುವ ಮೊದಲೇ ಉತ್ತರ ಗೊತ್ತಾದ ಹಾಗೆ.

ಒಂದು ದಾರಿ ಮಾತ್ರ ಇದೆಲ್ಲಕ್ಕೂ ಹೊರಗಿದೆ. ಜಾಗ ಹಳೇ ಗ್ರಾಮಠಾಣದೊಳಗೆ ಬಂದರೆ ಅದು ಮೊದಲಿನಿಂದಲೂ ಊರಿನ ವಾಸದ ನೆಲ. ಅದಕ್ಕೆ ಕನ್ವರ್ಷನ್ ಬೇಕಿಲ್ಲ, ಸಾಗುವಳಿ ಪಹಣಿಯೂ ಇರುವುದಿಲ್ಲ. 'ಇದು ಗ್ರಾಮಠಾಣ ಸಾರ್' ಎಂದು ಬಾಯಲ್ಲಿ ಹೇಳುವವರು ಬಹಳ. ಗ್ರಾಮ ನಕ್ಷೆಯ ಗೆರೆಯೊಳಗೆ ಇದೆಯಾ ಎಂಬುದೊಂದೇ ಪುರಾವೆ. ಎರಡನೇ ರಿಪೋರ್ಟು ನಿಮ್ಮದನ್ನು ಬಡಾವಣೆ ಅನ್ನುತ್ತದೆ, ಹಾಗಾಗಿ ಇದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಬೇರೆ ಊರಿನ ನೆಂಟರ ಸಲಹೆಯನ್ನೂ ಸ್ವಲ್ಪ ಜರಡಿ ಹಿಡಿಯಿರಿ. ಹುಬ್ಬಳ್ಳಿ, ಬೆಳಗಾವಿ ಕಡೆಯವರು 'ಎನ್ಎ ಆಗೈತೇನು, ಸಿಟಿಎಸ್ ಉತಾರ ತಗಿಸ್ರಿ' ಅನ್ನುತ್ತಾರೆ (ಎನ್ಎ ಅಂದರೆ ಕನ್ವರ್ಷನ್, ಸಿಟಿಎಸ್ ಉತಾರ ಅಂದರೆ ಸಿಟಿ ಸರ್ವೆಯ ದಾಖಲೆ). ಮಂಗಳೂರಿನವರು ನಮೂನೆ 9 ಮತ್ತು 11ನ್ನು ಸೇರಿಸಿ '9/11 ಉಂಟಾ' ಎಂದು ಕೇಳುತ್ತಾರೆ. ಬೆಂಗಳೂರಿನ ಎ, ಬಿ ಖಾತಾ ಮಾತಿನ ಹಿಂದೆ ಬೇರೆ ಕಥೆಯಿದೆ. 2007ರಲ್ಲಿ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದಾಗ ಸಕ್ರಮ ಅಲ್ಲದ ಆಸ್ತಿಗಳಿಂದಲೂ ತೆರಿಗೆ ವಸೂಲಿಗೆ ಬೇರೆ ವಹಿ ಇಟ್ಟರು. ಅದೇ ಬಿ ಖಾತಾ ಆಯಿತು. ಅಲ್ಲಿನ ಪರಿಹಾರ ಪಂಚಾಯಿತಿಯ ನಿಮ್ಮ ಸೈಟಿಗೆ ಸೀದಾ ಹೊಂದುವುದಿಲ್ಲ. ದಂಡ ಕಟ್ಟಿಸಿಕೊಂಡು ಅಕ್ರಮವನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆ ಬರುತ್ತದೆ, ಆಗ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು ಎಂದು ನೆನಪಿಸಿ. 'ಮೂರು ತಿಂಗಳಲ್ಲಿ 11ಬಿಯನ್ನು 9 ಮಾಡಿಸಿಕೊಡುತ್ತೇವೆ' ಅನ್ನುವ ಬ್ರೋಕರ್‌ಗೆ ಮುಂಗಡ ಕೊಡಬೇಡಿ. ಹಿಂದಿನ ಆದೇಶ ಇಲ್ಲದೆ ಬರೀ ವಹಿ ಬದಲಾದರೆ ಮುಂದೊಂದು ದಿನ ಅದೇ ವಹಿ ನೋಡಿ ರದ್ದು ಮಾಡುತ್ತಾರೆ.

ಈಗ ನಿಮ್ಮ ಮೇಲಿನ ಅಂತಸ್ತಿನ ವಿಷಯ. ನೀವು ಕೇಳಿಲ್ಲ, ಆದರೂ ಹೇಳಬೇಕು. 57 ಲಕ್ಷದ ರಿಪೋರ್ಟು ಕೊಟ್ಟ ಬ್ಯಾಂಕು ಒಪ್ಪಿದರೂ, ಕಟ್ಟುವ ಸಾಲಕ್ಕೆ ಮಂಜೂರಾದ ಕಟ್ಟಡ ನಕ್ಷೆ ಕೇಳಿಯೇ ಕೇಳುತ್ತಾರೆ. 11ಬಿ ಆಸ್ತಿಗೆ ನಕ್ಷೆ ಮಂಜೂರಾತಿ ಸಿಗುವುದು ಕಷ್ಟ. ಕೈಸಾಲ ಮಾಡಿ ಕಟ್ಟಿಬಿಡೋಣ ಅಂದರೆ, 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಸ್ವಾಧೀನ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು ಹೇಳಿದೆ. ಕೆಳಮನೆಯ ಮೀಟರ್ ಇದೆ ಎಂದು ಮೇಲಿನದಕ್ಕೂ ಸುಮ್ನೆ ಸಿಗುತ್ತದೆ ಅಂದುಕೊಳ್ಳಬೇಡಿ.

ಕನ್ವರ್ಷನ್ ಆದೇಶ ನಿಜಕ್ಕೂ ಇದ್ದು ನಿಮ್ಮ ಹಿಸ್ಸಾ ಅದರೊಳಗೆ ಬಂದರೆ, ಏಕನಿವೇಶನ ಅನುಮೋದನೆ (ನಿಮ್ಮ ಒಂದು ಸೈಟಿಗಷ್ಟೇ ಒಪ್ಪಿಗೆ) ಸಾಧ್ಯವಾ ಎಂದು ಟೂಡಾದಲ್ಲಿ ಬರವಣಿಗೆಯಲ್ಲೇ ಕೇಳಿ. ಬಡಾವಣೆಯಿಂದ ಒಡೆದ ತುಂಡು ಎಂದು ಕಂಡರೆ ಒಪ್ಪದಿರುವುದೂ ಉಂಟು. ಅಕ್ಕಪಕ್ಕದ ಸೈಟಿನವರೆಲ್ಲ ಸೇರಿ ಹೋದರೆ ನಿಮ್ಮ ಒಬ್ಬರ ಅರ್ಜಿಗಿಂತ ಅದಕ್ಕೆ ಬೆಲೆ ಇರುತ್ತದೆ. ಆದೇಶವೇ ಇಲ್ಲದಿದ್ದರೆ ಮೊದಲ ಕೆಲಸ ಅದೇ. ಆದರೆ ಪಹಣಿ ಇನ್ನೂ ಮೂಲ ಮಾಲೀಕರ ಹೆಸರಿನಲ್ಲಿದ್ದರೆ ಅವರ ಸಹಿ ಇಲ್ಲದೆ ಅದು ಆಗುವುದು ಕಷ್ಟ. ಮಾರಿದವರ ಮನೆ ಎಲ್ಲಿದೆ ಎಂದು ಈಗಲೇ ವಿಚಾರಿಸಿಡಿ.

ಮುಂದಿನ ಸಲ ವ್ಯಾಲ್ಯೂಯರ್ ಬಂದಾಗ ಕ್ರಯಪತ್ರ ಮತ್ತು ರಸೀದಿ ಮಾತ್ರ ಕೊಡಬೇಡಿ. ಹಳೇ ಮತ್ತು ಹೊಸ ಪಹಣಿ, ಆಕಾರಬಂದ್, ಗ್ರಾಮ ನಕ್ಷೆ, ಕನ್ವರ್ಷನ್ ಆದೇಶದ ನಕಲು, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), 11ಬಿ ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ಕೊಡಿ. 'ವಸತಿ ಎಂದು ಬರೆದುಬಿಡಿ ಸಾರ್' ಎಂದು ಮಾತ್ರ ಕೇಳಬೇಡಿ. 'ಭೂಪರಿವರ್ತನೆಯಾದ ಜಮೀನು, ಬಡಾವಣೆಗೆ ಅನುಮೋದನೆ ಇಲ್ಲ, ಪಂಚಾಯಿತಿ ವಹಿ 11ಬಿ' ಎಂದು ಮೂರನ್ನೂ ಬೇರೆ ಬೇರೆಯಾಗಿ ಬರೆದ ರಿಪೋರ್ಟು ಯಾವ ಬ್ಯಾಂಕಿಗೆ ಹೋದರೂ ನಿಲ್ಲುತ್ತದೆ. ಅಪ್ಪನ ಹೆಸರಿನಲ್ಲಿ ಆಸ್ತಿ ಇರುವುದರಿಂದ ಸಾಲದ ಕಾಗದಕ್ಕೆ ಅವರೇ ಬಂದು ಸಹಿ ಹಾಕಬೇಕಾಗುತ್ತದೆ. ಅವರ ಓಡಾಟ ಕಷ್ಟ ಆಗಿದ್ದರೆ ಅದನ್ನೂ ಬ್ಯಾಂಕಿಗೆ ಮೊದಲೇ ಹೇಳಿ.

ಆದೇಶದ ನಕಲು ಮತ್ತು ಆಕಾರಬಂದ್ ಕೈಗೆ ಬಂದ ದಿನ ನನಗೆ ಕಳಿಸಿ, ಗುಂಟೆ ಲೆಕ್ಕ ಕೂಡಿಸಿ ನೋಡೋಣ. ಅಲ್ಲಿಯವರೆಗೆ ತಂದು ಹಾಕಿದ ಕಂಬಿಯನ್ನು ನೆಲದಿಂದ ಎತ್ತಿ ಇಟ್ಟಿಗೆಯ ಮೇಲಿಟ್ಟು, ಟಾರ್ಪಾಲ್ ಹೊದಿಸಿಡಿ.